ಕಾಶಿಯಲ್ಲಿ ಮೂರ್ತಿಯಿಲ್ಲದ ತಾಯಿ

ಕಾಶಿಗೆ ಹೋದ ಕನ್ನಡಿಗರು ಗಂಗಾಸ್ನಾನ, ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿಯರ ದರ್ಶನ ಮುಗಿಸಿ, ತಂಬಿಗೆಯಲ್ಲಿ ಗಂಗೆಯನ್ನು ತುಂಬಿಸಿಕೊಂಡು ರೈಲು ಹತ್ತುವುದು ವಾಡಿಕೆ. ಎಲ್.ಟಿ.ಸಿ. ಪಡೆದು ಸಂಸಾರಸಮೇತ ಹೋಗಿದ್ದ ನಾವೂ ಹಾಗೆಯೇ ಮಾಡುವವರಿದ್ದೆವು. ರೈಲಿಗೆ ಇನ್ನೂ ಮೂರು ಗಂಟೆ ಇದ್ದುದರಿಂದ ಕಾಶೀ ವಿದ್ಯಾಪೀಠದ ಆವರಣದ ಭಾರತಮಾತಾ ಮಂದಿರವನ್ನು ಹೊಕ್ಕೆವು.

“ದೇವಿ ಎಲ್ಲಿ?” ಎಂದರು ನಮ್ಮ ಮನೆಯವರು. ಅಲ್ಲಿ ದೇವಿಯ ವಿಗ್ರಹವಿಲ್ಲ. ಮಕ್ರಾನಾದ ಅಮೃತಶಿಲೆಯಲ್ಲಿ ಕೊರೆದ ಅವಿಭಕ್ತ ಭಾರತದ ಉಬ್ಬುನಕ್ಷೆಯೇ ಅಲ್ಲಿನ ದೇವತೆ.

ನಾಡನ್ನು ಹೆಣ್ಣಾಗಿ ಕಾಣುವುದು ಹಳೆಯ ಪದ್ಧತಿ. ರೋಮನರಿಗೆ ತಮ್ಮ ನಗರವೇ ‘ರೋಮಾ’ ದೇವಿ. ಗೆದ್ದ ನಾಡುಗಳನ್ನೂ ಅವರು ಹೆಣ್ಣಾಗಿಯೇ ಅಮೃತಶಿಲೆಯಲ್ಲಿ ಕಡೆದರು. ಈಗಿನ ತುರ್ಕಿಯ ಅಫ್ರೋಡಿಸಿಯಸ್‌ನಲ್ಲಿ ದೊರೆತ ಕ್ರಿ.ಶ. 1ನೆಯ ಶತಮಾನದ ಶಿಲ್ಪವೊಂದರಲ್ಲಿ ಚಕ್ರವರ್ತಿ ಕ್ಲಾಡಿಯಸನು ನೆಲಕ್ಕೆ ಬಿದ್ದ ಬ್ರಿಟಾನಿಯಾಳ ತಲೆಗೂದಲು ಹಿಡಿದಿದ್ದಾನೆ. ರೋಮಿನಲ್ಲಿ 145ರಲ್ಲಿ ಪ್ರತಿಷ್ಠೆಯಾದ ಹೇಡ್ರಿಯನ್ ದೇಗುಲದ ಫಲಕಗಳಲ್ಲಾದರೋ ಪ್ರಾಂತಗಳು ತಂತಮ್ಮ ಉಡುಗೆಯಲ್ಲಿ ಗಂಭೀರವಾಗಿ ನಿಂತ ಸ್ತ್ರೀಯರು. ಕಲ್ಲು ಒಂದೇ, ಹೆಣ್ಣೂ ಒಬ್ಬಳೇ. ಮರ್ಯಾದೆ ಮಾತ್ರ ಕಡೆಸಿದವರ ಮರ್ಜಿ. ಬಿದ್ದ ಬ್ರಿಟಾನಿಯಾಳೇ ಮುಂದೆ ಇಂಗ್ಲೆಂಡಿನ ನಾಣ್ಯವೇರಿ ಅಧಿಕಾರದ ಗುರುತಾದುದು ಚರಿತ್ರೆಯ ವಿನೋದ.

ನಮ್ಮಲ್ಲಿ 1905ರಲ್ಲಿ ಅವನೀಂದ್ರನಾಥ ಠಾಕೂರರು ಭಾರತಮಾತೆಯನ್ನು ನಾಲ್ಕು ಕೈಗಳ ಸೌಮ್ಯ ಸ್ತ್ರೀಯಾಗಿ ಚಿತ್ರಿಸಿದರು. ಕನ್ನಡಿಗರಿಗೆ ಭುವನೇಶ್ವರಿ ಇದ್ದಾಳೆ. ಕಾಶಿಯ ಬಾಬು ಶಿವಪ್ರಸಾದ ಗುಪ್ತರು ಮಾತ್ರ ಬೇರೆ ದಾರಿ ಹಿಡಿದರು. ಪುಣೆಯಲ್ಲಿ ಕರ್ವೆಯವರ ವಿಧವಾಶ್ರಮದ ನೆಲದ ಮೇಲೆ ಮಣ್ಣಿನಲ್ಲಿ ಮಾಡಿದ್ದ ಭಾರತದ ನಕ್ಷೆಯನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತು. ಅದರ ಫಲವಾದ ಮಂದಿರವನ್ನು 1936ರ ಅಕ್ಟೋಬರ್ 25ರಂದು ಗಾಂಧೀಜಿ ಉದ್ಘಾಟಿಸಿದರು. ಜಾತಿಮತಗಳ ಭೇದವಿಲ್ಲದೆ, ಹರಿಜನರೂ ಸೇರಿ ಎಲ್ಲರೂ ಕೂಡುವ ಜಾಗ ಇದಾಗಲಿ ಎಂಬುದು ಅವರ ಹಾರೈಕೆ. ಮೂರ್ತಿಯಿದ್ದರೆ ಅದರ ಉಡುಗೆ, ಕುಂಕುಮ, ಆಯುಧ ಯಾರದೆಂಬ ಪ್ರಶ್ನೆ ಏಳುತ್ತದೆ. ನೆಲಕ್ಕೆ ಆ ತೊಡಕಿಲ್ಲ.

ಬಿ.ಎಸ್ಸಿ. ಓದಿದ ಚಪಲಕ್ಕೆ ನಾವು ಲೆಕ್ಕ ಹಾಕಿದೆವು. ನಕ್ಷೆಯ ಅಗಲದಲ್ಲಿ 1 ಅಂಗುಲಕ್ಕೆ 6.4 ಮೈಲಿ, ಎತ್ತರದಲ್ಲಿ 1 ಅಂಗುಲಕ್ಕೆ 2,000 ಅಡಿ. ಅಂದರೆ ಬೆಟ್ಟಗಳನ್ನು ಸುಮಾರು 17 ಪಟ್ಟು ಎತ್ತರಿಸಿದ್ದಾರೆ. ಇಲ್ಲದಿದ್ದರೆ 29,000 ಅಡಿಯ ಎವರೆಸ್ಟ್ ಕೂಡ ಒಂದು ಅಂಗುಲ ಮುಟ್ಟುತ್ತಿರಲಿಲ್ಲ. ನಮ್ಮ ಮುಳ್ಳಯ್ಯನಗಿರಿ ಈ ಲೆಕ್ಕದಲ್ಲಿ 3 ಅಂಗುಲ.

ಸಹ್ಯಾದ್ರಿಯ ಮಗ್ಗುಲನ್ನು ತೋರಿಸಿ, “ಅದೇ ನಮ್ಮೂರು” ಎಂದೆವು. ಪರಊರಿನಲ್ಲೇ ಹುಟ್ಟಿ ಬೆಳೆದ ಮಗಳು, “ಅದು ನಿಮ್ಮೂರು ಅಪ್ಪಾ, ನನ್ನೂರು ಯಾವುದು?” ಎಂದಳು. ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಅವಳ ಪ್ರಶ್ನೆ ನಮಗೆ ಚುಚ್ಚಿತು. ಥಟ್ಟನೆ ಉತ್ತರ ತೋಚಲಿಲ್ಲ. ಅವಳೇ ಕಟಕಟೆಗೆ ಒರಗಿ, ಸಹ್ಯಾದ್ರಿಯಿಂದ ನಾವೀಗಿರುವ ಊರಿನವರೆಗೆ ಗಾಳಿಯಲ್ಲಿ ಬೆರಳಾಡಿಸಿ, “ಎಷ್ಟು ಅಂಗುಲ?” ಎಂದು ಕೇಳಿದಳು. ನಾವಿಬ್ಬರೂ ಕೂಡಿ ಎಣಿಸಿದೆವು.

ಕಾಶಿಗೆ ಹೋಗುವ ಸಂಘದ ಬಂಧುಗಳು ಮಕ್ಕಳೊಡನೆ ಒಂದು ಗಂಟೆ ಬಿಡುವು ಮಾಡಿಕೊಂಡು ಈ ಮಂದಿರವನ್ನು ನೋಡಿಬರಲಿ. ಆ ಪ್ರಶ್ನೆಯನ್ನು ಅವರ ಮಕ್ಕಳೂ ಕೇಳಿಯಾರು.