ಓಎಲ್‌ಇಡಿ ಮತ್ತು ಎಲ್‌ಸಿಡಿ ಪರದೆಗಳು

ಸ್ಮಾರ್ಟ್‌ಫೋನ್‌ಗಳಲ್ಲಿ ಬಳಕೆಯಲ್ಲಿರುವ ಎರಡು ಮುಖ್ಯ ಪರದೆ ತಂತ್ರಜ್ಞಾನಗಳು. ಎಲ್‌ಸಿಡಿಯ ಆಧಾರವಾದ ದ್ರವಸ್ಫಟಿಕ, ಎಂದರೆ ದ್ರವದಂತೆ ಹರಿಯುತ್ತಲೇ ಸ್ಫಟಿಕದಂತೆ ಅಣುಗಳ ಕ್ರಮವನ್ನು ಉಳಿಸಿಕೊಳ್ಳುವ ವಸ್ತು, ಸ್ವತಃ ಬೆಳಗುವುದಿಲ್ಲ. ಹಿಂಬದಿಯ ದೀಪದ ಬೆಳಕನ್ನು ಧ್ರುವೀಕಾರಕ ಹಾಳೆಗಳ ನೆರವಿನಿಂದ ತಡೆಯುವ ಇಲ್ಲವೇ ಹಾಯಗೊಡುವ ಕದದಂತೆ ಅದು ಕೆಲಸ ಮಾಡುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದದ್ದು ಈ ಕ್ಷೇತ್ರಕ್ಕೆ ಸಂದ ಹೆಮ್ಮೆಯ ಕೊಡುಗೆಯಾಗಿದ್ದು, ಅಂಥ ಅಣುಗಳ ತೆಳುಪೊರೆಗಳು ಮುಂದೆ ಎಲ್‌ಸಿಡಿಯನ್ನು ಓರೆಯಿಂದ ನೋಡಿದಾಗ ಚಿತ್ರ ಮಸುಕಾಗದಂತೆ ಕಾಯಲು ನೆರವಾದವು.

ಓಎಲ್‌ಇಡಿಯಲ್ಲಿ ಇಂಗಾಲಮೂಲದ ಸಾವಯವ ಪದರಗಳೇ ವಿದ್ಯುತ್ ಹರಿದಾಗ ಬೆಳಕು ಸೂಸುತ್ತವೆ. ಅದರ ಕಾರ್ಯಸಾಧ್ಯ ರೂಪವನ್ನು ಈಸ್ಟ್‌ಮನ್ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದರು. 2017ರ ಐಫೋನ್ ಎಕ್ಸ್, ಐಫೋನ್‌ಗಳ ಪೈಕಿ ಈ ಪರದೆಯನ್ನು ಪಡೆದ ಮೊದಲನೆಯದು. ಪ್ರತಿ ಪಿಕ್ಸೆಲ್, ಅಂದರೆ ಚಿತ್ರದ ಕಿರುಬಿಂದು, ಪ್ರತ್ಯೇಕವಾಗಿ ಆರಬಲ್ಲದಾದ್ದರಿಂದ ಕತ್ತಲೆ ಕೋಣೆಯಲ್ಲಿ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳು ಶೂನ್ಯದಲ್ಲಿ ತೇಲಿದಂತೆ ಕಾಣುತ್ತವೆ. ಎಲ್‌ಸಿಡಿಯಲ್ಲಿ ಸೋರುವ ಹಿಂಬೆಳಕಿನಿಂದ ಅದೇ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಾಢ ವರ್ಣದ ಪುಟಗಳಲ್ಲಿ ಓಎಲ್‌ಇಡಿಯಿಂದ ವಿದ್ಯುತ್ತಿನ ಉಳಿತಾಯವೂ ಇದೆ.

ಆದರೆ ಓಎಲ್‌ಇಡಿಯ ಮೇಲ್ಮೆಯನ್ನು ಪ್ರಶ್ನಾತೀತವೆಂದು ಭಾವಿಸುವುದು ಸರಿಯಲ್ಲ. ನೀಲಿ ಬೆಳಕಿನ ಸಾವಯವ ವಸ್ತು ಉಳಿದ ಬಣ್ಣಗಳಿಗಿಂತ ಬೇಗ ಸವೆಯುವುದಲ್ಲದೆ, ಬಹುಕಾಲ ಒಂದೇ ಕಡೆ ನಿಂತ ಚಿಹ್ನೆಗಳು ಪರದೆಯಲ್ಲಿ ನೆರಳಿನಂತೆ ಅಚ್ಚೊತ್ತಿ ಉಳಿಯಬಹುದು. ಹೊಳಪು ತಗ್ಗಿಸಲು ಹಲವು ಓಎಲ್‌ಇಡಿ ಪರದೆಗಳು ಬೆಳಕನ್ನು ಅತಿವೇಗವಾಗಿ ಆರಿಸಿ ಹೊತ್ತಿಸುವುದರಿಂದ ಸೂಕ್ಷ್ಮ ಕಣ್ಣಿನವರಿಗೆ ತಲೆನೋವು ಬರುವುದುಂಟು. ಅಂಥವರಿಗೆ, ಅಗ್ಗದ ಬೆಲೆ ಬಯಸುವವರಿಗೆ ಎಲ್‌ಸಿಡಿ ಇಂದಿಗೂ ಯೋಗ್ಯ ಆಯ್ಕೆಯಾಗಿದೆ.