ಗಿವ್ ಅಂದರೆ ಕೊಡು, ಅಷ್ಟೇನಾ?

ಡಿಕ್ಷನರಿ ತೆಗೆದರೆ ‘ಗಿವ್’ ಮುಂದೆ ‘ಕೊಡು’ ಅಂತಿರುತ್ತೆ, ಕತೆ ಮುಗೀತು. ಆದರೆ ನಾವು ದಿನವಿಡೀ ಏನೇನು ಕೊಡ್ತೀವಿ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡಿ. ಮ್ಯಾನೇಜರ್ ಫೀಡ್‌ಬ್ಯಾಕ್ ಕೊಡ್ತಾರೆ, ನಾವು ಅಪ್‌ಡೇಟ್ ಕೊಡ್ತೀವಿ. ಹೊಸ ಕಂಪನಿಗೆ ಇಂಟರ್‌ವ್ಯೂ ಕೊಟ್ಟು ಬಂದು ಹಳೆ ಕಂಪನಿಗೆ ನೋಟಿಸ್ ಕೊಡ್ತೀವಿ. ಗೆಳೆಯರು ಪಾರ್ಟಿ ಕೊಡು ಅಂತ ಕಾಟ ಕೊಡ್ತಾರೆ. ಇಂಗ್ಲಿಷಿನವನು ಇಂಟರ್‌ವ್ಯೂ ‘ಕೊಡೋದು’ ಪತ್ರಕರ್ತರ ಮುಂದೆ ಕೂತಾಗ. ಕೆಲಸ ಕೇಳೋಕೆ ಹೋದಾಗ ಅಲ್ಲ. ಇನ್ನು ಪರೀಕ್ಷೆಯನ್ನಂತೂ ಅವನು ತೆಗೆದುಕೊಳ್ತಾನೆ, ಹಿಂದಿಯವನು ಕೊಡ್ತಾನೆ, ಕನ್ನಡದವರು ನಾವು ಬರೀತೀವಿ. ಒಂದೇ ಹಾಲ್ ಟಿಕೆಟ್, ಮೂರು ಕ್ರಿಯಾಪದ.

ಇದೆಲ್ಲ ತಮಾಷೆಯ ಮಾತಾಯ್ತು. ತಮಾಷೆಯಲ್ಲದ ಒಂದು ಬಳಕೆ ಇದೆ, ಕಿವಿಗೆ ಎಷ್ಟು ರೂಢಿಯಾಗಿದೆ ಅಂದ್ರೆ ನಮಗದು ಕೇಳಿಸೋದೇ ಇಲ್ಲ. ‘ನಿಮ್ಮ ಅಕ್ಕನ್ನ ಎಲ್ಲಿಗೆ ಕೊಟ್ಟೀರಿ?’ ‘ಗದಗಿಗೆ ಕೊಟ್ಟೀವ್ರಿ.’ ಅಕ್ಕ ಎಂಟೆಕ್ ಮಾಡಿರಬಹುದು, ಹದಿನೈದು ಜನರ ಟೀಮ್ ನಡೆಸುತ್ತಿರಬಹುದು. ಈ ವಾಕ್ಯದಲ್ಲಿ ಮಾತ್ರ ಆಕೆ ದ್ವಿತೀಯಾ ವಿಭಕ್ತಿ. ಕೊಡೋರು ಯಾರೋ, ತಂದುಕೊಳ್ಳೋರು ಯಾರೋ. ಕನ್ನಡಕ್ಕೆ ಮಾತ್ರ ಅಂಟಿದ ಜಾಡ್ಯ ಅಲ್ಲ ಇದು. ಇಂಗ್ಲೆಂಡಿನ ಚರ್ಚಿನ ಹಳೆಯ ಮದುವೆ ವಿಧಿಯಲ್ಲೂ ಈ ಹೆಣ್ಣನ್ನು ಕೊಡುವವರು ಯಾರು ಅಂತ ಪಾದ್ರಿ ಕೇಳ್ತಾನೆ, ಹುಡುಗಿಯ ಅಪ್ಪ ಮುಂದೆ ಬರ್ತಾನೆ.

ಈ ‘ಕೊಡು’ವಿನ ಇತಿಹಾಸ ನೋಡಬೇಕು ಅಂದರೆ ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಚೆ, ಕೊಪ್ಪಳದ ದಾರಿಯಲ್ಲಿರೋ ಲಕ್ಕುಂಡಿಗೆ ಹೋಗಬೇಕು. ಶಾಸನಗಳ ಲೊಕ್ಕಿಗುಂಡಿ ಇದೇ. ಒಂದು ಕಾಲಕ್ಕೆ ನಾಣ್ಯ ಅಚ್ಚಾಗುತ್ತಿದ್ದ ಊರು; ಇಲ್ಲಿನ ಗದ್ಯಾಣಕ್ಕೆ ಊರಿನ ಹೆಸರೇ ಇತ್ತು. ಈಗ ಹೆಚ್ಚಿನವರು ಹಂಪಿಗೆ ಹೋಗುವಾಗ ಕಾರಿನ ಕಿಟಕಿಯಿಂದ ಬೋರ್ಡು ನೋಡಿ ಮುಂದೆ ಹೋಗಿಬಿಡ್ತಾರೆ. ಊರೊಳಗಿನ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಇಲ್ಲಿನ ಶಾಸನ ಕ್ರಿ.ಶ. 1007ರದ್ದು, ಚಾಳುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನ ಕಾಲ.

ಶಾಲೆಯ ಪುಸ್ತಕದಲ್ಲಿ ಅತ್ತಿಮಬ್ಬೆಗೆ ಸಿಗೋದು ಒಂದೇ ಪದ: ದಾನಚಿಂತಾಮಣಿ. ಸರ್ಕಾರ ಕೊಡುವ ಪ್ರಶಸ್ತಿಯಲ್ಲೂ ಅದೇ ಬಿರುದು. ಆ ಬಿರುದಿನ ಹಿಂದಿರುವ ಸಂಸಾರದ ಕತೆ ಅಷ್ಟು ಪ್ರಚಾರದಲ್ಲಿಲ್ಲ. ಮಲ್ಲಪನ ಇಬ್ಬರು ಹೆಣ್ಣುಮಕ್ಕಳು ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಇಬ್ಬರನ್ನೂ ಕೊಟ್ಟದ್ದು ಒಬ್ಬನಿಗೇ, ಚಾಳುಕ್ಯರ ದಂಡನಾಯಕ ನಾಗದೇವನಿಗೆ. (ಗಮನಿಸಿ, ನಾನೂ ‘ಕೊಟ್ಟದ್ದು’ ಅಂತಲೇ ಬರೆದೆ. ಬೇರೆ ಕ್ರಿಯಾಪದ ಅಷ್ಟು ಸಲೀಸಾಗಿ ಕೈಗೆ ಸಿಗಲ್ಲ.) ನಾಗದೇವ ತೀರಿಕೊಂಡ. ಗುಂಡಮಬ್ಬೆ ಗಂಡನ ಜೊತೆ ಪ್ರಾಣ ಕೊಟ್ಟಳು. ಅತ್ತಿಮಬ್ಬೆ ಹೋಗಲಿಲ್ಲ. ಮಗ ಅಣ್ಣಿಗದೇವ ಇದ್ದ, ಮನೆತನದ ಆಸ್ತಿ ಇತ್ತು, ಜೈನ ಶ್ರಾವಕಿಯ ವ್ರತಗಳಿದ್ದವು. ಉಳಿದಳು.

ಅಕ್ಕ ತಂಗಿ ಇಬ್ಬರಿಗೂ ಒಂದೇ ಕ್ರಿಯಾಪದ ಎಷ್ಟು ಬೇರೆ ಬೇರೆ ಥರ ಅಂಟಿಕೊಂಡಿತು ನೋಡಿ. ಇಬ್ಬರನ್ನೂ ಕೊಟ್ಟರು. ಒಬ್ಬಳು ಕೊನೆಗೆ ತನ್ನನ್ನೇ ಕೊಟ್ಟುಕೊಂಡಳು. ಇನ್ನೊಬ್ಬಳು ಕರ್ಮಪದದ ಜಾಗ ಬಿಟ್ಟು ಕರ್ತೃಪದದ ಜಾಗದಲ್ಲಿ ಬಂದು ಕೂತಳು.

ಕೂತು ಕೊಟ್ಟದ್ದೇನು? ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳು ಅಂತ ಪರಂಪರೆ ಹೇಳುತ್ತೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು: ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದ್ದು. ಅದು ಆಕೆಯ ತವರಿನವರೇ ಹಿಂದೆ ಬರೆಸಿದ್ದ ಕಾವ್ಯ. ಸಾವಿರ ಅನ್ನೋದು ಎಣಿಸಿದ ಲೆಕ್ಕವೋ ಅಭಿಮಾನದ ಲೆಕ್ಕವೋ ಅಂತ ಜಗಳ ಆಡಬಹುದು, ಆದರೆ ನೂರೇ ಅಂದುಕೊಂಡರೂ ತಾಳೆಗರಿಯಲ್ಲಿ ಅದೇನು ಆಟವೇ? ಗರಿ ಹದ ಮಾಡಬೇಕು, ಒಂದೇ ಅಳತೆಗೆ ಕತ್ತರಿಸಬೇಕು, ಕಂಟದಿಂದ ಒಂದೊಂದು ಅಕ್ಷರ ಕೊರೀಬೇಕು, ಮೇಲೆ ಮಸಿ ಸವರಿ ಒರೆಸಬೇಕು, ತೂತು ಮಾಡಿ ದಾರ ಪೋಣಿಸಬೇಕು. ಒಂದು ಪ್ರತಿ ಮುಗಿದರೆ ಎರಡನೆಯದು ಮತ್ತೆ ಮೊದಲಿನಿಂದ. ಕಂಟ್ರೋಲ್ ಸಿ, ಕಂಟ್ರೋಲ್ ವಿ ಇಲ್ಲ.

ಅಷ್ಟು ಗರಿ ಕೊರೆದವರ ಹೆಸರು ಎಲ್ಲಿ? ಅವರೆಲ್ಲ ‘ಮಾಡಿಸಿದಳು’ ಅನ್ನೋದರ ‘ಇಸು’ ಒಳಗೆ ಸೇರಿಹೋಗಿದ್ದಾರೆ. ಗುಡಿ ಕಟ್ಟಿದ ಕಲ್ಲುಕುಟಿಗರದ್ದೂ ಹೆಚ್ಚುಕಡಿಮೆ ಇದೇ ಗತಿ. ಕನ್ನಡದ ಈ ಪ್ರತ್ಯಯ ಬಹಳ ಶ್ರೀಮಂತರ ಪ್ರತ್ಯಯ.

ಇನ್ನು ಶಾಸನಗಳ ಭಾಷೆ. ಹಲ್ಮಿಡಿ ಶಾಸನ, ಅಂದರೆ ಸುಮಾರು ಕ್ರಿ.ಶ. 450, ಅದೂ ಕೊಟ್ಟ ಲೆಕ್ಕವೇ: ಯುದ್ಧದಲ್ಲಿ ಶೌರ್ಯ ತೋರಿಸಿದವನಿಗೆ ಎರಡು ಊರು. ಕನ್ನಡ ಕಲ್ಲಿನ ಮೇಲೆ ಮೊದಮೊದಲು ಆಡಿದ ಮಾತುಗಳಲ್ಲೇ ‘ಕೊಡು’ ಇದೆ. ಆದರೆ ಮುಂದೆ ಭೂಮಿ ಕೊಡುವಾಗ ಶಾಸನಗಳು ಇನ್ನೊಂದು ಕ್ರಿಯಾಪದವನ್ನೂ ಇಷ್ಟಪಟ್ಟವು: ಬಿಡು. ದತ್ತಿ ಬಿಟ್ಟರು, ಉಂಬಳಿ ಬಿಟ್ಟರು. ಇಂಗ್ಲಿಷಿನಲ್ಲಿ ‘ಗಿವ್’ ಬಾಲಕ್ಕೆ ‘ಅಪ್’ ಸೇರಿಸಿದರೆ ಬರುವ ಅರ್ಥ ಇಲ್ಲಿ ಕೊಡುವುದರೊಳಗೇ ಇದೆ: ಕೈ ಬಿಡಬೇಕು, ನನ್ನದು ಅನ್ನೋದು ಹೋಗಬೇಕು. ಅದಕ್ಕೆ ಸಾಕ್ಷಿಯಾಗಿ ನೀರು ಬಿಡ್ತಿದ್ದರು, ‘ಧಾರಾಪೂರ್ವಕ’ ಅಂತ ಶಾಸನಗಳು ಬರೆಯುತ್ತವೆ. ಕೊಟ್ಟದ್ದನ್ನು ಮುಂದೆ ಯಾರಾದರೂ ಕಿತ್ತುಕೊಂಡರೆ ಕಾಶಿಯಲ್ಲಿ ಹಸು ಕೊಂದ ಪಾಪ ಅಂತ ಶಾಪವನ್ನೂ ಕೆತ್ತಿಸುತ್ತಿದ್ದರು. ಆ ಕಾಲದ ಟರ್ಮ್ಸ್ ಅಂಡ್ ಕಂಡೀಷನ್ಸ್.

ಆ ಧಾರೆ ನಮಗೆ ಈಗ ನೆನಪಿರೋದು ಕಲ್ಯಾಣ ಮಂಟಪದಲ್ಲಿ ಮಾತ್ರ. ಗದ್ದೆ ಬಿಡುವಾಗ ಎರೆದ ನೀರನ್ನೇ ಮಗಳ ಕೈ ಮೇಲೆ ಎರೀತೀವಿ. ಗದ್ದೆಯ ಕಾಗದ ಈಗ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಯ್ತು, ಮಗಳ ಧಾರೆ ಹಾಗೇ ಉಳೀತು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅನ್ನೋ ಗಾದೆ ಈ ‘ಬಿಡು’ವನ್ನು ಅಕ್ಷರಶಃ ತೆಗೆದುಕೊಂಡವರದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆ 2005ರಲ್ಲಿ ತಿದ್ದುಪಡಿಯಾಗಿ, ಕೊಟ್ಟ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಅಂತಾಯ್ತು. ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, ಆದರೆ ಅಲ್ಲಿ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. ಕಾನೂನು ಬರೆದವರಿಗೂ ಕೊಟ್ಟದ್ದು ಅಂದರೆ ಕೊಟ್ಟದ್ದೇ.

ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣ ಬರೆದ. ಮುಧೋಳದ ಬಳೆಗಾರ ಮನೆತನದ ಹುಡುಗ, ಓದೋಕೆ ಊರು ಬಿಟ್ಟು ಹೋದವನು. ತನಗೆ ಆಸರೆಯಾದ ಇಬ್ಬರನ್ನು ಮಕ್ಕಳ ಹೆಸರಿನಲ್ಲಿ ಉಳಿಸಿಕೊಂಡ. ಚಾವುಂಡರಾಯನ ನೆನಪಿಗೆ ಮಗ ರಾಯ. ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಕಾಲ ಬಂದಾಗ ಅವಳನ್ನೂ ಯಾವುದೋ ಊರಿಗೆ ಕೊಟ್ಟೇ ಇರ್ತಾರೆ.