ಮಣ್ಣಿನ ಪದರೂ ನೀರಿನ ಕೊರೆತವೂ

ನಮ್ಮ ಶಾಲೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆ ತುಂಬ ಮಡಕೆಚೂರುಗಳಿವೆ. ಅಕ್ಕಲಕೋಟೆಯ ಸುತ್ತಲಿನ ಹಳ್ಳಗಳ ದಂಡೆಯಿಂದ ವಿದ್ಯಾರ್ಥಿಗಳು ವರ್ಷವರ್ಷವೂ ತಂದುಕೊಟ್ಟವು. ಯಾವ ಚೂರು ಯಾವ ಮಣ್ಣಿನಿಂದ ಬಂದಿತೆಂಬ ಬರಹ ಮಾತ್ರ ಒಂದೂ ಇಲ್ಲ. ಬರೆದಿಡಿರೆಂದು ನಾವೇ ಹೇಳಲಿಲ್ಲ. ಇತಿಹಾಸ ಕಲಿಸುವ ನಮ್ಮಿಂದಲೇ ಆದ ತಪ್ಪಿದು.

ಶಾಸನವು ಸ್ಥಾನ ಬಿಟ್ಟರೂ ಮಾತಾಡೀತು. ನಮ್ಮ ಭೀಮೆಯ ದಂಡೆಯಲ್ಲೇ ಕೆಳಗೆ ಇರುವ ಸನ್ನತಿಯಲ್ಲಿ, 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದ ಬಳಿಕ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದಿತು. ಆ ಕಲ್ಲು ಮೊದಲು ಎಲ್ಲಿ ನಿಂತಿದ್ದರೂ ಅಕ್ಷರಗಳೇ ಕಾಲವನ್ನು ಸಾರಿದವು. ಮಡಕೆಚೂರಿಗೆ ಆ ಭಾಗ್ಯವಿಲ್ಲ. ಅದು ಬಿದ್ದ ಪದರೇ ಅದರ ಶಾಸನ.

ಪದರಿನ ಬೆಲೆ ತಿಳಿಯಲು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೋಡಬೇಕು. ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಶೋಧಿಸಿದ್ದ ಆ ನೆಲೆಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಪದರು ಪದರಾಗಿ ಅಗೆಸಿ, ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಯ ಜನ, ಸಾತವಾಹನ ಕಾಲದ ಜನ ಎಂಬ ಅನುಕ್ರಮವನ್ನು ತೋರಿಸಿದರು. ಕೆಳಗಿನ ಪದರಿಗೆ ಅವರು ಹೇಳಿದ ಕಾಲವನ್ನು ಮುಂದೆ ದಕ್ಷಿಣದ ನೆಲೆಗಳ ಇಂಗಾಲ ಪರೀಕ್ಷೆಗಳು ಬಹಳ ಹಿಂದಕ್ಕೊಯ್ದವು. ಅನುಕ್ರಮ ಮಾತ್ರ ಅಲುಗಲಿಲ್ಲ.

ಆಳವನ್ನಷ್ಟೇ ಅಳೆದರೆ ಸಾಲದೆ ಎಂದು ಕೇಳಬಹುದು. ಸಾಲದು. ಹಳೆಯ ಊರದಿಬ್ಬವನ್ನು ಮಳೆನೀರು ಕೊರೆಯುತ್ತದೆ. ಆ ಕೊರಕಲಿನಲ್ಲಿ ಮುಂದೆ ಮರಳು, ಹರಳು, ಹೊಸಕಾಲದ ಕಸ ತುಂಬುತ್ತವೆ. ಆಗ ಆರು ಅಡಿ ಆಳದ ಕಸವು ಪಕ್ಕದಲ್ಲಿ ಮೂರೇ ಅಡಿ ಆಳದಲ್ಲಿರುವ ಪದರಿಗಿಂತ ಹೊಸದಾಗಿರುತ್ತದೆ! ದಿಬ್ಬದ ಬುಡದಲ್ಲಿ ಇನ್ನೂ ವಿಚಿತ್ರ: ನೆತ್ತಿಯ ಹೊಸ ಮಣ್ಣು ಮೊದಲು ತೊಳೆದುಬಂದು ಕೂಡುತ್ತದೆ, ಅದರ ಮೇಲೆ ಹಳೆಯದು ಬಂದು ಬೀಳುತ್ತದೆ. ನೀರಿನಲ್ಲಿ ಉರುಳಿಬಂದ ಚೂರಿನ ಅಂಚು ಸವೆದು ದುಂಡಾಗಿರುವುದುಂಟು. ಬಿದ್ದಲ್ಲೇ ಹೂತದ್ದು ಚೂಪಾಗಿರುತ್ತದೆ. ಸೊಲ್ಲಾಪುರದ ಕಡೆಯ ಎರೆಮಣ್ಣಿಗೆ ಬೇರೊಂದು ಗುಣವೂ ಇದೆ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಾಯ್ಬಿಡುತ್ತದೆ. ಮೇಲಿನ ಮಣಿಯೋ ನಾಣ್ಯವೋ ಬಿರುಕಿನಲ್ಲಿ ಇಳಿಯುತ್ತದೆ, ಮಳೆ ಬಿದ್ದೊಡನೆ ಬಾಯಿ ಮುಚ್ಚುತ್ತದೆ. ಇದನ್ನು ಒಕ್ಕಲಿಗನಿಗೆ ಹೇಳಬೇಕಾಗಿಲ್ಲ, ಇತಿಹಾಸಕಾರನಿಗೆ ಹೇಳಬೇಕಾಗುತ್ತದೆ.

ಸರಕಾರದ ಅಪ್ಪಣೆಯಿಲ್ಲದೆ ಅಗೆಯುವುದು ಸಲ್ಲದು. ಶಿಕ್ಷಕರಿಗೆ ಅದು ಬೇಕಾಗಿಯೂ ಇಲ್ಲ. ಹಳ್ಳವೇ ಕೊರೆದು ನಿಲ್ಲಿಸಿದ ದಂಡೆಯ ಗೋಡೆ ಸಾಕು. ಅದಕ್ಕೆ ಅಡ್ಡಲಾಗಿ ಮಟ್ಟಸವಾಗಿ ದಾರ ಕಟ್ಟಿ, ಅಡಿಗೊಮ್ಮೆ ಗೌಂಡಿಯ ತೂಗುಗುಂಡನ್ನು ಇಳಿಬಿಟ್ಟು, ದಾರದಿಂದ ಪ್ರತಿ ಪದರಿನ ಗೆರೆಯವರೆಗೆ ಅಳೆದು ಚೌಕಳಿ ಕಾಗದದ ಮೇಲೆ ಗುರುತಿಸಬೇಕು. ಮಣ್ಣಿನ ಬಣ್ಣ ಹಸಿಯಿದ್ದಾಗ ಒಂದು, ಒಣಗಿದಾಗ ಒಂದು. ಯಾವಾಗ ನೋಡಿದೆವೆಂದು ಬರೆಯಬೇಕು. ಬೆರಳಿನಲ್ಲಿ ತಿಕ್ಕಿದರೆ ಮರಳೋ ಜಿಗುಟೋ ತಿಳಿಯುತ್ತದೆ. ಕೊರಕಲು ಪದರುಗಳನ್ನು ಕತ್ತರಿಸಿದ ಗೆರೆಯನ್ನು ದಪ್ಪಗೆ ಬರೆಯತಕ್ಕದ್ದು. ಅನೇಕರು ಬಿಡುವುದು ಅದನ್ನೇ.

ಕಳೆದ ಮಳೆಗಾಲದಲ್ಲಿ ನಮ್ಮ ಹುಡುಗರು ಚೂರು ಹೆಕ್ಕುತ್ತಿದ್ದ ದಂಡೆಯ ಒಂದು ಭಾಗ ಹಳ್ಳಕ್ಕೆ ಜಾರಿತು. ಉಳಿದ ಭಾಗದ ಚಿತ್ರವನ್ನು ಒಂಬತ್ತನೆಯ ತರಗತಿಯವರು ಬರೆದಿದ್ದಾರೆ. ಪೆಟ್ಟಿಗೆಯ ಹಳೆಯ ಚೂರುಗಳಿಗೆ ‘ಪದರು ತಿಳಿಯದು’ ಎಂದು ಚೀಟಿ ಅಂಟಿಸಿದ್ದೇವೆ.